‘ಅವರು’ ಅಂದ್ರ ಮುಗೀತೇನ್ರಿ?

ನಮಸ್ಕಾರ್ರಿ. ಅಮೆರಿಕದ ವಿಜ್ಞಾನ ಕಾದಂಬರಿಕಾರ್ತಿ ಅರ್ಸುಲಾ ಲೆ ಗ್ವಿನ್ ಅವರನ್ನ ಕನ್ನಡಕ್ಕ ತರ್ಬೇಕು ಅನ್ನೋ ಆಸೆ ಧಾರವಾಡದಾಗ ಇರೋರಿಗೆ ಇವತ್ತು ಒಂದ ಒಂದು ಮಾತು ಹೇಳೋದದ. ಲೆ ಗ್ವಿನ್ ಹುಟ್ಟಿದ್ದು 1929ರಾಗ, ಬರ್ಕ್ಲಿಯೊಳಗ. ತಂದಿ ಆಲ್ಫ್ರೆಡ್ ಕ್ರೋಬರ್ ಮಾನವಶಾಸ್ತ್ರಜ್ಞರು. ಅದಕ್ಕ ಇರಬೇಕು, ಇವರ ಕಾದಂಬರಿಯೊಳಗ ರಾಕೆಟ್ಟಿಗಿಂತ ಜನರ ರೂಢಿನ ಹೆಚ್ಚು.

1969ರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ತಗೋರಿ. ಗೆಥೆನ್ ಅನ್ನೋ ಹಿಮದ ಗ್ರಹ. ಅಲ್ಲಿಯವರು ತಿಂಗಳಿಗೆ ಕೆಲವು ದಿನ ಅಷ್ಟ ಗಂಡೋ ಹೆಣ್ಣೋ ಆಗ್ತಾರ. ಒಂದು ಕೂಸನ್ನ ಹಡೆದವರು ಇನ್ನೊಂದು ಕೂಸಿಗೆ ತಂದಿ ಆಗಿರಬಹುದು. ಲೇಖಕಿ ಎಲ್ಲಾರಿಗೂ ಇಂಗ್ಲಿಷಿನ ‘ಹಿ’, ಅಂದ್ರ ‘ಅವನು’ ಅಂತ ಬರೆದ್ರು. 1976ರ ಪ್ರಬಂಧದಾಗ ಅದನ್ನ ಸಮರ್ಥಿಸಿಕೊಂಡ್ರು. 1987ರಾಗ ಅದೇ ಪ್ರಬಂಧಕ್ಕ ಟಿಪ್ಪಣಿ ಬರೆದು ಮನಸ್ಸು ಬದಲಿಸಿದ್ರು. ಎಂಥಾ ಪ್ರಾಮಾಣಿಕತೆ ನೋಡ್ರಿ!

ಕನ್ನಡದಾಗ ತೊಡಕು ಸರ್ವನಾಮಕ್ಕ ಮುಗಿಯಂಗಿಲ್ಲ. ಕ್ರಿಯಾಪದದ ಬಾಲದಾಗೂ ಲಿಂಗ ಕೂತದ: ಅಂವಾ ಬಂದಾನ, ಆಕಿ ಬಂದಾಳ. ‘ಅವರು ಬಂದಾರ’ ಅಂತ ಹಾಕಿಬಿಡ್ರಿ ಅಂತಾರ ಭಾಳ ಮಂದಿ. ನನಗ ಒಪ್ಪಿಗಿ ಇಲ್ಲ. ಹಿಮದ ಮ್ಯಾಲೆ ಒಂದ ಬಂಡಿ ಎಳಕೊಂಡು, ರಾತ್ರಿ ಒಂದ ಡೇರೆದಾಗ ಮಲಗೋ ಇಬ್ಬರು, ಗೆಥೆನ್‌ದ ಎಸ್ಟ್ರಾವೆನ್ ಮತ್ತ ಭೂಮಿಯ ಗೆನ್ಲಿ ಆಯ್, ಇವರ ನಡುವ ‘ಅವರು ಒಲಿ ಹಚ್ಚಿದರು’ ಅಂದ್ರ ಬೀಗರು ಬಂದು ಕೂತಂಗ ಆಗ್ತದ.

ಲಿಂಗ ಹತ್ತದ ರೂಪ ನಮ್ಮಲ್ಲಿ ಬೇಕಾದಷ್ಟವ: ಬರಲಿಲ್ಲ, ಬರಬೇಕು, ಬರಬಹುದು, ಬರಲಿ. ‘ಎಸ್ಟ್ರಾವೆನ್ ಒಲಿ ಹಚ್ಚಿದನು’ ಅನ್ನೋ ಕಡೆ ‘ಒಲಿ ಹಚ್ಚಿದ್ದು ಎಸ್ಟ್ರಾವೆನ್’ ಅನ್ರಿ. ‘ನಡುಗಿದನು’ ಬ್ಯಾಡ, ‘ಎಸ್ಟ್ರಾವೆನ್‌ಗೆ ನಡುಕ ಹತ್ತಿತು’. ಆದ್ರ ‘ಹಚ್ಚಿದ್ದು, ತಂದದ್ದು, ಹೇಳಿದ್ದು’ ಅಂತ ಸಾಲಾಗಿ ಮೂರು ಬಂದ್ರ ಒತ್ತೆಲ್ಲಾ ಮಾಡಿದವರ ಹೆಸರಿನ ಮ್ಯಾಲೆ ಬಿದ್ದು, ಕತಿ ಹೋಗಿ ಪಂಚನಾಮೆ ಆಗ್ತದ. ನಡುವ ‘ಬರಲಿಲ್ಲ’, ‘ಹತ್ತಿತು’ ಅಂಥವನ್ನ ಬೆರೆಸ್ರಿ. ಎಸ್ಟ್ರಾವೆನ್ ದಿನಚರಿಯ ಅಧ್ಯಾಯಗಳೊಳಗ ಕಷ್ಟನ ಇಲ್ಲ; ‘ನಾನು ಬಂದೆ’ ಅನ್ನೋದರಾಗ ಲಿಂಗ ಎಲ್ಲದ?

ಇನ್ನ ಭೂಮಿಯಿಂದ ಹೋದ ಗೆನ್ಲಿ ಆಯ್. ಅವನು ಎಸ್ಟ್ರಾವೆನ್‌ನ ಗಂಡಸು ಅಂತ ತಿಳಕೊಂಡ ನೋಡ್ತಾನ. ಅವನ ಬಾಯಾಗ ‘ಅವನು’ ಉಳೀಲೇಬೇಕು, ಹಿಮಯಾತ್ರೆಯ ತನಕ. ಡೇರೆದಾಗ ಅವನ ಕಣ್ಣು ತೆರೆದ ಮ್ಯಾಲೆ ಕ್ರಿಯಾಪದದ ಬಾಲ ಒಂದೊಂದ ಕತ್ತರಿಸ್ರಿ. ಮೊದಲ ಪುಟದಿಂದನ ತೆಗೆದ್ರ ಅವನ ತಪ್ಪು ಓದುಗರಿಗೆ ತಟ್ಟಂಗಿಲ್ಲ.

ಕಡೀಕ ಈ ಕಾದಂಬರಿಯ ಆ ಪ್ರಸಿದ್ಧ ವಾಕ್ಯ, ರಾಜನೊಬ್ಬ ಬಸುರಾದದ್ದು. ‘ರಾಜ’ ಅಂದ್ರ ಗಂಡು, ‘ಬಸುರಿ’ ಅಂದ್ರ ಹೆಣ್ಣು. ಎರಡನ್ನ ಜೋಡಿಸಿದ್ರ ನಗಿ ಬರ್ತದ. ಗೆಥೆನ್‌ದಾಗ ಅದು ನಗೋ ಸುದ್ದಿ ಅಲ್ಲ. ನಮ್ಮ ಹಳೇ ಮಾತು ‘ಅರಸು’ ಐತಲ್ಲ, ಅದರಾಗ ಗಂಡೂ ಇಲ್ಲ, ಹೆಣ್ಣೂ ಇಲ್ಲ. ‘ಅರಸು ಬಸುರಾದ ಸುದ್ದಿ ಬಂತು.’