ಕೈರಾನ್‌ಗೆ ಎರಡು ಹೆಸರು

ವೀಕ್ಷಕರೇ, ಜನವರಿಯಲ್ಲಿ ಸೋಮವಾರಪೇಟೆ ಕಡೆಯ ಕಾಫಿ ಕಣಗಳಲ್ಲಿ ಒಂದೇ ಗಿಡದ ಹಣ್ಣು ಎರಡು ಹೆಸರಿನಲ್ಲಿ ಒಣಗುತ್ತಿರುವುದನ್ನು ನೀವು ನೋಡಿರುತ್ತೀರಿ. ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರ್‌ಗೆ ಹಾಕಿ, ಲೋಳೆ ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್. ಸಿಪ್ಪೆಸಮೇತ ಒಣಗಿಸಿದ್ದು ಚೆರ್ರಿ. ದೂರದ ಹಿಮಕಾಯಗಳ ವಿಂಗಡಣೆಯ ವಿಚಾರ ಬಂದಾಗಲೆಲ್ಲ ನನಗೆ ಈ ಕಣವೇ ನೆನಪಾಗುತ್ತದೆ.

ಪ್ಲೂಟೊ ಗ್ರಹವೇ ಅಲ್ಲವೇ ಎಂಬ ವಿಚಾರದಲ್ಲಿ ನನ್ನ ನಿಲುವು ಸ್ಪಷ್ಟವಾಗಿದೆ. 1930ರಲ್ಲಿ ಕ್ಲೈಡ್ ಟಾಂಬೊ ಕಂಡುಹಿಡಿದಾಗ ಅದು ಒಂಟಿಯಾಗಿ ಕಂಡಿತ್ತು. 1992ರಿಂದೀಚೆಗೆ ನೆಪ್ಚೂನಿನ ಆಚೆ ಅಂಥ ಕಾಯಗಳು ಒಂದರ ಹಿಂದೊಂದು ಸಿಕ್ಕವು, 2005ರಲ್ಲಿ ಪ್ರಕಟವಾದ ಏರಿಸ್ ಅಂತೂ ದ್ರವ್ಯರಾಶಿಯಲ್ಲಿ ಪ್ಲೂಟೊವನ್ನೇ ಮೀರಿಸಿತು. ಸೂರ್ಯನನ್ನು ಸುತ್ತಬೇಕು, ತನ್ನ ಗುರುತ್ವದಿಂದಲೇ ದುಂಡಗಾಗಿರಬೇಕು, ತನ್ನ ಕಕ್ಷೆಯ ನೆರೆಯನ್ನು ತೆರವುಗೊಳಿಸಿರಬೇಕು ಎಂದು 2006ರ ಆಗಸ್ಟ್ 24ರಂದು ಪ್ರಾಗ್‌ನಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಗ್ರಹದ ಲಕ್ಷಣವನ್ನು ನಿಗದಿಪಡಿಸಿದಾಗ, ಮೂರನೆಯದರಲ್ಲಿ ಸೋತ ಪ್ಲೂಟೊ ಕುಬ್ಜಗ್ರಹವಾಯಿತು. ಆ ತೀರ್ಮಾನ ಸರಿಯೆಂದೇ ನಾನು ನಂಬುತ್ತೇನೆ. 1801ರಲ್ಲಿ ಸಿಕ್ಕ ಸೀರಿಸ್ ಕೂಡ ಕೆಲವು ದಶಕ ಗ್ರಹವೆನಿಸಿಕೊಂಡು, ನೆರೆಯವರು ಹೆಚ್ಚಿದಂತೆ ಕ್ಷುದ್ರಗ್ರಹಗಳ ಸಾಲಿಗೆ ಸೇರಿತ್ತು.

ಆದರೆ ನಾವು ಈ ಒಂದು ವಿವಾದದಲ್ಲೇ ನಿಂತುಬಿಟ್ಟು, ಅದಕ್ಕಿಂತ ಹೆಚ್ಚು ಕಲಿಸುವ ಕೈರಾನನ್ನು ಮರೆತಿದ್ದೇವೆ. 1977ರಲ್ಲಿ ಚಾರ್ಲ್ಸ್ ಕೋವಲ್ ಕಂಡ ಈ ಕಾಯದ ಕಕ್ಷೆ ಬಹುಪಾಲು ಶನಿ ಮತ್ತು ಯುರೇನಸ್‌ಗಳ ನಡುವೆ ಇದೆ. ಅದನ್ನು ಕ್ಷುದ್ರಗ್ರಹಗಳ ಪಟ್ಟಿಯಲ್ಲಿ 2060ನೆಯದಾಗಿ ದಾಖಲಿಸಲಾಯಿತು. 1980ರ ದಶಕದ ಕೊನೆಯಲ್ಲಿ ಅದರ ಸುತ್ತ ಅನಿಲ, ಧೂಳುಗಳ ಮುಸುಕು ಕಾಣಿಸಿಕೊಂಡಿತು. ಅದು ಧೂಮಕೇತುವಿನ ಗುರುತು. ಖಗೋಳವಿಜ್ಞಾನಿಗಳು ಹಳೆಯ ದಾಖಲೆಯನ್ನು ಅಳಿಸದೆ, ಧೂಮಕೇತುಗಳ ಪಟ್ಟಿಯಲ್ಲೂ 95ಪಿ ಎಂದು ಅದಕ್ಕೆ ಜಾಗ ಕೊಟ್ಟರು. ಇಷ್ಟು ಪ್ರಾಮಾಣಿಕವಾದ ವಿಂಗಡಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಏಕೆಂದರೆ ಧೂಮಕೇತು ಎಂಬುದು, ಪಾರ್ಚ್‌ಮೆಂಟಿನ ಹಾಗೆಯೇ, ಕಾಯವೊಂದು ಹಾದುಬಂದ ಪಾಡಿನ ಹೆಸರು. ನೆಪ್ಚೂನಿನ ಆಚೆಯ ಹಿಮಕಾಯಗಳ ವಲಯವಾದ ಕೈಪರ್ ಪಟ್ಟಿಯ ಕಡೆಯಿಂದ ನೆಪ್ಚೂನಿನ ಸೆಳೆತಕ್ಕೆ ಸಿಕ್ಕಿ ಒಳಗೆ ಜಾರಿದ ಹಿಮಗಡ್ಡೆ, ದೈತ್ಯಗ್ರಹಗಳ ನಡುವೆ ಅಲೆಯುವಷ್ಟು ಕಾಲ ಸೆಂಟಾರ್ ಎನಿಸಿಕೊಂಡು, ಮುಂದೆ ಗುರುವಿನ ಎಳೆತದಿಂದ ಇನ್ನೂ ಒಳಗೆ ಬಂದು ಬಿಸಿಲಿಗೆ ಆವಿಯುಗುಳತೊಡಗಿದರೆ ಅಲ್ಪಾವಧಿಯ ಧೂಮಕೇತುವಾಗುತ್ತದೆ. ಮಕ್ಕಳಿಗೆ ಇವನ್ನು ಸಂಬಂಧವೇ ಇಲ್ಲದ ಬೇರೆ ಬೇರೆ ಜಾತಿಗಳೆಂಬಂತೆ ಬಾಯಿಪಾಠ ಮಾಡಿಸುವುದು ನನಗೆ ನಿಜಕ್ಕೂ ನೋವು ತರುತ್ತದೆ.

ಆದ್ದರಿಂದ ಕೊಡಗಿನ ವಿಜ್ಞಾನ ಶಿಕ್ಷಕರಲ್ಲಿ ನನ್ನ ವಿನಂತಿ: ಕೈರಾನ್‌ನ ಆ ಎರಡೂ ಸಂಖ್ಯೆಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಸುಮಾರು 50 ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುವ ಅದು 1996ರಲ್ಲಿ ಸೂರ್ಯನ ಸಮೀಪಕ್ಕೆ ಬಂದಿತ್ತು. ಮತ್ತೆ ಬರುವಾಗ ಇಂದಿನ ನಿಮ್ಮ ವಿದ್ಯಾರ್ಥಿಗಳು ದೂರದರ್ಶಕದ ಹಿಂದೆ ಇರಬಹುದು.