ಎದುರಾಳಿ ಇಲ್ಲದ ಮಾತು

ಕೇಳುಗರಿಗೆಲ್ಲ ನಮಸ್ಕಾರ.

ನಿಮ್ಮ ಮನೆಯಲ್ಲಿ ಹದಿಮೂರು ಹದಿನಾಲ್ಕು ವರ್ಷದ ಹುಡುಗ ಇದ್ದರೆ ಅವನಿಗೆ ಒಂದು ಹೆಸರು ಹೇಳಿ ನೋಡಿ. ಆಂಡ್ರ್ಯೂ ಟೇಟ್. ಅವನಿಗೆ ಗೊತ್ತಿರುವ ಸಾಧ್ಯತೆ ಜಾಸ್ತಿ, ನಿಮಗೆ ಗೊತ್ತಿರುವ ಸಾಧ್ಯತೆ ಕಮ್ಮಿ. ಬೋಳಿಸಿದ ತಲೆ, ಗಡ್ಡ, ಕೈಯಲ್ಲಿ ಸಿಗಾರ್, ಹಿಂದೆ ದುಬಾರಿ ಕಾರು. ಗಂಡಸು ಹೀಗಿರಬೇಕು, ಹೆಂಗಸು ಹೀಗಿರಬೇಕು ಅಂತ ಅರ್ಧ ನಿಮಿಷದ ವಿಡಿಯೊದಲ್ಲಿ ಖಡಾಖಂಡಿತವಾಗಿ ಹೇಳುವ ಮನುಷ್ಯ. ಮೊದಲು ಕಿಕ್‌ಬಾಕ್ಸರ್ ಆಗಿದ್ದ. ಆಮೇಲೆ ಇಂಟರ್ನೆಟ್ಟಿನಲ್ಲಿ ಮಾತಾಡಿಯೇ ಹೆಸರು ಮಾಡಿದ, ಹಣ ಮಾಡಿದ. ರುಮೇನಿಯಾದಲ್ಲೂ ಬ್ರಿಟನ್ನಿನಲ್ಲೂ ಅವನ ಮೇಲೆ ಮಾನವ ಕಳ್ಳಸಾಗಣೆ ಮತ್ತು ಅತ್ಯಾಚಾರದ ಆರೋಪಗಳಿವೆ. ಎಲ್ಲವನ್ನೂ ಅವನು ಅಲ್ಲಗಳೆದಿದ್ದಾನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಇವತ್ತು ನಾನು ಮಾತಾಡಬೇಕು ಅಂತ ಬಂದಿರುವುದು ಹಗರಣದ ಬಗ್ಗೆ ಅಲ್ಲ. ಇಷ್ಟೊಂದು ಹುಡುಗರು ಇವನ ಮಾತನ್ನು ಯಾಕೆ ನಂಬಿದರು ಅನ್ನುವುದರ ಬಗ್ಗೆ. ಅದಕ್ಕೆ ಅವನ ಅಪ್ಪನಿಂದ ಶುರು ಮಾಡಬೇಕು.

ಅಪ್ಪ ಎಮೊರಿ ಟೇಟ್. ಅಮೆರಿಕದ ವಾಯುಪಡೆಯಲ್ಲಿ ಕೆಲಸ ಮಾಡಿದವರು, ಭಾಷೆಗಳನ್ನು ಬಲ್ಲವರು, ಕಪ್ಪು ಸಮುದಾಯದಿಂದ ಬಂದ ಚೆಸ್ ಆಟಗಾರ. ಅಂತರರಾಷ್ಟ್ರೀಯ ಮಾಸ್ಟರ್ ಪದವಿ ಪಡೆದವರು. ಅಮೆರಿಕದ ಸೇನಾಪಡೆಗಳ ಚೆಸ್ ಚಾಂಪಿಯನ್‌ಶಿಪ್ಪನ್ನು 5 ಸಲ ಗೆದ್ದವರು. ಗ್ರ್ಯಾಂಡ್‌ಮಾಸ್ಟರ್ ಆಗಲಿಲ್ಲ, ಆದರೆ ಎಷ್ಟೋ ಗ್ರ್ಯಾಂಡ್‌ಮಾಸ್ಟರ್‌ಗಳನ್ನು ಸೋಲಿಸಿದರು. ಕಾಯಿ ಬಲಿ ಕೊಟ್ಟು ನುಗ್ಗಿ ಆಡುವ ಶೈಲಿ ಅವರದು. ಆಟ ಮುಗಿದ ಮೇಲೆ ಅವರು ಅದೇ ಆಟವನ್ನು ಮತ್ತೆ ಹಾಕಿ ವಿವರಿಸುವಾಗ ಸುತ್ತ ಜನ ಸೇರುತ್ತಿದ್ದರು, ಅಷ್ಟು ಚೆನ್ನಾಗಿ ಮಾತಾಡುತ್ತಿದ್ದರು. 2015ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಮಿಲ್‌ಪಿಟಾಸ್‌ನಲ್ಲಿ ಟೂರ್ನಿ ಆಡುತ್ತಿರುವಾಗಲೇ ಕುಸಿದು ತೀರಿಕೊಂಡರು.

ಮಗನ ಮಾತಿನ ಚುರುಕು ಅಪ್ಪನಿಂದ ಬಂದದ್ದು ಅಂತ ನನಗೆ ಅನ್ನಿಸುತ್ತದೆ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಚೆಸ್‌ನಲ್ಲಿ ಆಟ ಮುಗಿದ ಮೇಲೆ ನೀವು ಎಷ್ಟು ಬೇಕಾದರೂ ಬಡಾಯಿ ಕೊಚ್ಚಿಕೊಳ್ಳಬಹುದು, ಆದರೆ ಎದುರಿಗೆ ಆಡಿದವನು ಅಲ್ಲೇ ಕೂತಿರುತ್ತಾನೆ. ನೀವು ಈ ಕುದುರೆ ಹೀಗೆ ಬಂದಿದ್ದರೆ ಗೆದ್ದೇ ಬಿಡುತ್ತಿದ್ದೆ ಅಂದರೆ ಅವನು ಕೈ ಚಾಚಿ ಒಂದು ಕಾಯಿ ಸರಿಸಿ, ಇಲ್ಲ ಸ್ವಾಮಿ, ಹೀಗೆ ತಡೆಯುತ್ತಿದ್ದೆ ಅಂತ ತೋರಿಸುತ್ತಾನೆ. ಸುತ್ತ ನಿಂತವರು ಕಣ್ಣಾರೆ ನೋಡುತ್ತಾರೆ. ಅಲ್ಲಿ ಮಾತಿಗೆ ಒಂದು ಪರೀಕ್ಷೆ ಇದೆ.

ಆಂಡ್ರ್ಯೂ ಹುಟ್ಟಿದ್ದು 1986ರಲ್ಲಿ, ವಾಷಿಂಗ್ಟನ್ನಿನಲ್ಲಿ. ಬೆಳೆದದ್ದು ಷಿಕಾಗೊ, ಇಂಡಿಯಾನಾ ಕಡೆ. ಅಪ್ಪ ಅಮ್ಮ ಬೇರೆಯಾದ ಮೇಲೆ ಅಮ್ಮ ಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿನ ಲೂಟನ್‌ಗೆ ಬಂದರು. ಲಂಡನ್ನಿನ ಉತ್ತರಕ್ಕೆ, ಕಾರು ಕಾರ್ಖಾನೆಗೆ ಹೆಸರಾಗಿದ್ದ ಊರು. ಸಿರಿವಂತ ಬದುಕೇನೂ ಅಲ್ಲ. ಅಲ್ಲೇ ಅವನು ಕಿಕ್‌ಬಾಕ್ಸಿಂಗ್ ಕಲಿತ.

ಈ ಆಟದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ಕತೆ ನಿಂತಿರುವುದು ಇದರ ಮೇಲೆ. ಕಿಕ್‌ಬಾಕ್ಸಿಂಗ್ ಅಂದರೆ ಕೈಯಲ್ಲಿ ಗ್ಲೌಸ್ ಹಾಕಿ ಗುದ್ದುವುದು, ಕಾಲಿನಲ್ಲಿ ಒದೆಯುವುದು. ನೋಡಲು ಒರಟು, ಕಲಿಯಲು ಬಹಳ ಕಷ್ಟ. ಪಂದ್ಯದ ಮುಂಚೆ ತೂಕಕ್ಕೆ ಇಳಿಯಬೇಕು, ಅದಕ್ಕಾಗಿ ಎಷ್ಟೋ ದಿನ ಹೊಟ್ಟೆ ಕಟ್ಟಬೇಕು. ರಿಂಗಿನಲ್ಲಿ ಗಂಟೆ ಹೊಡೆದರೆ ಶುರು, ಗಂಟೆ ಹೊಡೆದರೆ ನಿಲ್ಲಿಸಬೇಕು. ಬಿದ್ದವನನ್ನು ಹೊಡೆಯುವಂತಿಲ್ಲ. ರೆಫರಿ ನಡುವೆ ಬಂದರೆ ಹಿಂದೆ ಸರಿಯಬೇಕು. ನಿಮ್ಮಷ್ಟೇ ತೂಕದ, ನಿಮ್ಮಷ್ಟೇ ತಯಾರಾದ ಮನುಷ್ಯನೊಬ್ಬ ಎದುರಿಗಿರುತ್ತಾನೆ, ಅವನೂ ಒಪ್ಪಿಯೇ ಬಂದಿರುತ್ತಾನೆ. ನೀವು ರಿಂಗಿಗೆ ಬರುವ ಮುಂಚೆ ಏನು ಮಾತಾಡಿದಿರಿ ಅನ್ನುವುದು ಅವನ ಮೊದಲ ಒದೆತ ಪಕ್ಕೆಗೆ ಬಿದ್ದಾಗ ಲೆಕ್ಕಕ್ಕೆ ಬರುವುದಿಲ್ಲ.

ಟೇಟ್ ಈ ಆಟದಲ್ಲಿ ನಿಜವಾಗಿಯೂ ಗೆದ್ದವನು. ಐಎಸ್‌ಕೆಎ ಎಂಬ ಸಂಸ್ಥೆಯ ವಿಶ್ವ ಪಟ್ಟವನ್ನು 2011ರಲ್ಲಿ ಗೆದ್ದ, 2013ರಲ್ಲಿ ಇನ್ನೊಂದು ಪಟ್ಟ ಗೆದ್ದ. ಅವನನ್ನು ಕಂಡರೆ ಆಗದವರು ಇದನ್ನೂ ಸುಳ್ಳು ಅನ್ನುತ್ತಾರೆ. ಅದು ಸರಿಯಲ್ಲ. ಆದರೆ ಕೇಳುವ ಹುಡುಗರಿಗೆ ಯಾರೂ ಹೇಳದ ಒಂದು ಮಾತಿದೆ. ಕಿಕ್‌ಬಾಕ್ಸಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಅಂತ ಒಬ್ಬನೇ ಇರುವುದಿಲ್ಲ. ಹಲವು ಸಂಸ್ಥೆಗಳಿವೆ, ಪ್ರತಿ ಸಂಸ್ಥೆಯಲ್ಲೂ ಬೇರೆ ಬೇರೆ ತೂಕ, ಬೇರೆ ಬೇರೆ ನಿಯಮ, ಒಂದೊಂದಕ್ಕೂ ಒಂದೊಂದು ಪಟ್ಟ. ಒಂದೇ ಹೊತ್ತಿಗೆ ಎಷ್ಟೋ ಜನ ವಿಶ್ವ ಚಾಂಪಿಯನ್‌ಗಳಿರುತ್ತಾರೆ. ಮತ್ತೆ, ದುಡ್ಡು? ದೊಡ್ಡ ಬಾಕ್ಸರ್‌ಗಳಿಗೆ ಸಿಗುವ ದುಡ್ಡಿನ ಹತ್ತಿರಕ್ಕೂ ಇದು ಬರುವುದಿಲ್ಲ. ಪಟ್ಟ ಗೆದ್ದವರೂ ಜಿಮ್‌ನಲ್ಲಿ ಪಾಠ ಹೇಳಿ ಬದುಕುತ್ತಾರೆ. ಹಾಗಾಗಿ ಆ ದುಬಾರಿ ಕಾರುಗಳು ರಿಂಗಿನಿಂದ ಬಂದವಲ್ಲ.

ಎಲ್ಲಿಂದ ಬಂದವು ಅಂತ ಅವನೇ ಹೇಳಿಕೊಂಡಿದ್ದಾನೆ. ಹುಡುಗಿಯರನ್ನು ವೆಬ್‌ಕ್ಯಾಮ್ ಮುಂದೆ ಕೂರಿಸಿ, ದೂರದಲ್ಲಿ ನೋಡುವ ಗಂಡಸರಿಂದ ದುಡ್ಡು ವಸೂಲಿ ಮಾಡುವ ವ್ಯವಹಾರ. ಹುಡುಗಿಯೊಬ್ಬಳನ್ನು ಭೇಟಿಯಾಗುವುದು, ಅವಳು ಪ್ರೀತಿಸುವ ಹಾಗೆ ಮಾಡುವುದು, ಹೇಳಿದ್ದೆಲ್ಲ ಕೇಳುವ ಮಟ್ಟಕ್ಕೆ ತಂದು ಕ್ಯಾಮೆರಾ ಮುಂದೆ ಕೂರಿಸುವುದು ತನ್ನ ಕೆಲಸ ಅಂತ ಅವನ ಸ್ವಂತ ವೆಬ್‌ಸೈಟಿನಲ್ಲೇ ಬರೆದಿತ್ತು. ಆಮೇಲೆ ತೆಗೆದುಹಾಕಿದ. ಓದಿದಾಗ ನನಗೆ ಮೈ ಉರಿದುಹೋಯಿತು, ಅದರಲ್ಲೂ ಇದನ್ನು ಸಾಧನೆ ಅನ್ನುವ ಹಾಗೆ ಬರೆದುಕೊಂಡಿದ್ದನ್ನು ನೋಡಿ.

2016ರಲ್ಲಿ ಬ್ರಿಟನ್ನಿನ ಬಿಗ್ ಬ್ರದರ್ ಎಂಬ ಟಿವಿ ಕಾರ್ಯಕ್ರಮದ ಮನೆಗೆ ಹೋದ, ಒಂದು ವಾರ ತುಂಬುವ ಮೊದಲೇ ಹೊರಗೆ ಕಳಿಸಿದರು. 2017ರಲ್ಲಿ ಟ್ವಿಟರ್ ಅವನ ಖಾತೆ ಮುಚ್ಚಿತು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಂಗಸರದ್ದೂ ಸ್ವಲ್ಪ ಜವಾಬ್ದಾರಿ ಇದೆ ಅಂತ ಬರೆದಿದ್ದ. ಅದೇ ಹೊತ್ತಿಗೆ ರುಮೇನಿಯಾಕ್ಕೆ ಹೋಗಿ ನೆಲೆಸಿದ. ಅಲ್ಲಿಯವರೆಗೆ ಅವನು ಜಗತ್ತಿಗೆ ಗೊತ್ತಿದ್ದ ಮನುಷ್ಯ ಅಲ್ಲ. ಗೊತ್ತಾಗಿದ್ದು 2022ರಲ್ಲಿ, ಅದೂ ಒಮ್ಮೆಲೇ.

ಅದು ಹೇಗಾಯಿತು ಅಂತ ನಮ್ಮ ಹುಡುಗರಿಗೆ ಗೊತ್ತಾಗಬೇಕು. 2021ರಲ್ಲಿ ಅವನು ಹಸ್ಲರ್ಸ್ ಯೂನಿವರ್ಸಿಟಿ ಅಂತ ಒಂದು ಆನ್‌ಲೈನ್ ಕೂಟ ಶುರು ಮಾಡಿದ. ಹೆಸರಿಗೆ ಯೂನಿವರ್ಸಿಟಿ, ನಿಜವಾಗಿ ತಿಂಗಳಿಗೆ ಸುಮಾರು 50 ಡಾಲರ್ ಕೊಟ್ಟು ಸೇರುವ ಚಾಟ್ ಗುಂಪುಗಳು. ಹಣ ಮಾಡುವುದು ಹೇಗೆ ಅಂತ ಅಲ್ಲಿ ಪಾಠ. ಸೇರಿದವರು ಇನ್ನೊಬ್ಬರನ್ನು ಸೇರಿಸಿದರೆ ಕಮಿಷನ್. ಸೇರಿಸುವುದು ಹೇಗೆ? ಟೇಟ್‌ನ ಉದ್ದದ ಸಂದರ್ಶನಗಳಿಂದ ಸಣ್ಣ ತುಣುಕು ಕತ್ತರಿಸಿ ಟಿಕ್‌ಟಾಕ್‌ಗೆ ಹಾಕು, ಕೆಳಗೆ ನಿನ್ನ ಲಿಂಕ್ ಕೊಡು. ಜನ ಜಗಳವಾಡುವಂಥ ತುಣುಕನ್ನೇ ಆರಿಸು, ಯಾಕೆಂದರೆ ಬೈದರೂ ಹೊಗಳಿದರೂ ವಿಡಿಯೊ ಮೇಲಕ್ಕೆ ಹೋಗುತ್ತದೆ. ಇದನ್ನೇ ಅವರಿಗೆ ಹೇಳಿಕೊಟ್ಟರು. ಒಂದು ಲಕ್ಷಕ್ಕಿಂತ ಹೆಚ್ಚು ಜನ ಸೇರಿದ್ದರು. 2022ರ ಆಗಸ್ಟ್ ಹೊತ್ತಿಗೆ ಅವನ ಹೆಸರಿನ ವಿಡಿಯೊಗಳು ಟಿಕ್‌ಟಾಕ್ ಒಂದರಲ್ಲೇ 1,100 ಕೋಟಿಗೂ ಹೆಚ್ಚು ಸಲ ಓಡಿದ್ದವು.

ಅಂದರೆ ಆ ಜನಪ್ರಿಯತೆ ತಾನಾಗಿ ಹಬ್ಬಿದ್ದಲ್ಲ. ಕಮಿಷನ್ ಆಸೆಗೆ ಸಾವಿರಾರು ಹುಡುಗರು ರಾತ್ರಿಯೆಲ್ಲ ಕೂತು ಕತ್ತರಿಸಿ ಹಂಚಿದ್ದು. ನೋಡುವ ಹುಡುಗನಿಗೆ ಮಾತ್ರ ಇಡೀ ಜಗತ್ತೇ ಈ ಮನುಷ್ಯನ ಮಾತು ಕೇಳುತ್ತಿದೆ ಅನ್ನಿಸುತ್ತದೆ. ನಮ್ಮ ದೇಶದಲ್ಲಿ ಟಿಕ್‌ಟಾಕ್ 2020ರ ಜೂನ್‌ನಲ್ಲೇ ಬಂದ್ ಆಗಿತ್ತು, ಆದರೆ ಅದೇ ತುಣುಕುಗಳು ರೀಲ್ಸ್‌ನಲ್ಲಿ, ಶಾರ್ಟ್ಸ್‌ನಲ್ಲಿ ಬಂದವು.

2022ರ ಆಗಸ್ಟ್‌ನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಟಿಕ್‌ಟಾಕ್, ಯೂಟ್ಯೂಬ್ ಎಲ್ಲವೂ ಕೆಲವೇ ದಿನಗಳ ಅಂತರದಲ್ಲಿ ಅವನನ್ನು ಹೊರಗೆ ಹಾಕಿದವು. ಅದರಿಂದ ಏನೂ ಮುಗಿಯಲಿಲ್ಲ. ಖಾತೆ ಅವನದಾಗಿದ್ದರೆ ತಾನೇ ಮುಚ್ಚುವುದು? ತುಣುಕು ಹಾಕುತ್ತಿದ್ದವರು ಬೇರೆಯವರು. ಅದರ ಜೊತೆಗೆ, ನೋಡಿ, ಸತ್ಯ ಹೇಳಿದ್ದಕ್ಕೆ ನನ್ನ ಬಾಯಿ ಮುಚ್ಚಿಸಿದರು ಅನ್ನುವ ಮಾತೂ ಸಿಕ್ಕಿತು. ಟ್ವಿಟರ್ ಹೊಸ ಮಾಲೀಕರ ಕೈಗೆ ಹೋದ ಮೇಲೆ ನವೆಂಬರಿನಲ್ಲಿ ಅವನ ಖಾತೆ ಮತ್ತೆ ತೆರೆಯಿತು.

ಈಗ ಹುಡುಗರ ವಿಷಯ. ಬ್ರಿಟನ್ನಿನಲ್ಲಿ 2023ರಲ್ಲಿ ಒಂದು ಸಮೀಕ್ಷೆ ನಡೆಯಿತು, 16-17ರ ವಯಸ್ಸಿನ ಹುಡುಗರಲ್ಲಿ ಹತ್ತಕ್ಕೆ ಸುಮಾರು ಎಂಟು ಮಂದಿ ಇವನ ವಿಡಿಯೊ ನೋಡಿದ್ದರು, ಇಲ್ಲವೇ ಮಾತು ಕೇಳಿದ್ದರು, ಓದಿದ್ದರು. ಇವರೆಲ್ಲ ಕೆಟ್ಟ ಹುಡುಗರಾ? ಖಂಡಿತ ಅಲ್ಲ. ಅವನ ಮಾತಿನಲ್ಲಿ ಅರ್ಧ ಭಾಗ ನಮ್ಮ ಮನೆಯ ಹಿರಿಯರೇ ಹೇಳುವಂಥದ್ದು. ಬೇಗ ಏಳು, ವ್ಯಾಯಾಮ ಮಾಡು, ಸುಮ್ನೆ ಗೊಣಗಬೇಡ, ನಿನ್ನ ಕಾಲ ಮೇಲೆ ನಿಲ್ಲು. ದಾರಿ ಕಾಣದೆ ಕೂತಿರುವ, ಮೈಬಣ್ಣವೋ ಎತ್ತರವೋ ಕಮ್ಮಿ ಮಾರ್ಕೋ ಯಾವುದಕ್ಕೋ ಹೀಗಳೆಸಿಕೊಂಡ ಹುಡುಗನಿಗೆ ಇದು ಹಿತ ಕೊಡುತ್ತದೆ. ಒಬ್ಬರಾದರೂ ನನ್ನನ್ನೇ ನೋಡಿ ಮಾತಾಡುತ್ತಿದ್ದಾರೆ ಅನ್ನಿಸುತ್ತದೆ. ಆಮೇಲೆ ಅದೇ ದನಿಯಲ್ಲಿ ಇನ್ನೊಂದು ಮಾತು ಬರುತ್ತದೆ. ಹೆಂಡತಿ ಗಂಡನ ಸೊತ್ತು. ಖಿನ್ನತೆ ಅನ್ನುವುದೇ ಇಲ್ಲ. ಮೊದಲಿನದು ಎಳನೀರು, ಎರಡನೆಯದು ಅದರಲ್ಲಿ ಬೆರೆಸಿದ ವಿಷ, ಕುಡಿಯುವವನಿಗೆ ನಾಲಿಗೆಯಲ್ಲಿ ಬೇರೆ ಬೇರೆ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಒಪ್ಪುವ ಹಾಗೆ ಮಾಡುವುದು ಆ ಕಿಕ್‌ಬಾಕ್ಸಿಂಗ್ ಪಟ್ಟ. ಇವನು ರಿಂಗಿನಲ್ಲಿ ಗೆದ್ದವನು, ಏಟು ತಿಂದವನು, ಇವನಿಗೆ ಗೊತ್ತಿಲ್ಲದೆ ಇರುತ್ತದಾ ಅನ್ನುವ ಭಾವನೆ. ನನಗೆ ಸಿಟ್ಟು ಬರುವುದು ಇಲ್ಲೇ. ರಿಂಗಿನಲ್ಲಿ ಕಲಿತ ವಿದ್ಯೆಗೂ ಹೆಂಗಸರ ಬಗ್ಗೆ ಹೇಳುವ ಮಾತಿಗೂ ಏನು ಸಂಬಂಧ? ರಿಂಗಿನಲ್ಲಿ ಅವನ ಎದುರು ತಯಾರಾಗಿ ಬಂದವನೊಬ್ಬ ಇರುತ್ತಿದ್ದ, ರೆಫರಿ ಇರುತ್ತಿದ್ದ, ಅಂಕ ಕೊಡುವವರು ಇರುತ್ತಿದ್ದರು, ಮತ್ತೆ ಅವನು ಅಲ್ಲಿ ಸೋತದ್ದೂ ಇದೆ. ಅರ್ಧ ನಿಮಿಷದ ತುಣುಕಿನಲ್ಲಿ ಇವರು ಯಾರೂ ಇಲ್ಲ. ಉದ್ದದ ಸಂದರ್ಶನದಲ್ಲಿ ಯಾರಾದರೂ ಎದುರು ಪ್ರಶ್ನೆ ಕೇಳಿದ್ದರೂ ಕತ್ತರಿಸುವ ಹುಡುಗ ಅದನ್ನು ಬಿಟ್ಟು ಅವನ ಉತ್ತರ ಮಾತ್ರ ಇಡುತ್ತಾನೆ. ಅವನು ಮಾತಾಡುವುದು ಹೆಂಗಸರ ಬಗ್ಗೆ, ಆದರೆ ಉತ್ತರ ಕೊಡಲು ಅಲ್ಲಿ ಒಬ್ಬಳೂ ಇರುವುದಿಲ್ಲ. ಅಪ್ಪ ಆಡಿದ ಆಟದಲ್ಲಾಗಲಿ, ಮಗ ಆಡಿದ ಆಟದಲ್ಲಾಗಲಿ, ಇದನ್ನು ಗೆಲುವು ಅಂತ ಯಾರೂ ಬರೆದುಕೊಳ್ಳುವುದಿಲ್ಲ.

2022ರ ಡಿಸೆಂಬರ್ 27ರಂದು ಅವನು ಪರಿಸರ ಹೋರಾಟಗಾರ್ತಿ ಗ್ರೇಟಾ ಥನ್ಬರ್ಗ್‌ಗೆ ತನ್ನ 33 ಕಾರುಗಳ ಬಗ್ಗೆ ಕೊಚ್ಚಿಕೊಂಡು ಟ್ವೀಟ್ ಮಾಡಿದ. ಅವಳು ಚುರುಕು ಉತ್ತರ ಕೊಟ್ಟಳು, ಜಗತ್ತೆಲ್ಲ ನಕ್ಕಿತು. 29ರಂದು ರುಮೇನಿಯಾದ ಪೊಲೀಸರು ಅವನನ್ನೂ ಅವನ ತಮ್ಮ ಟ್ರಿಸ್ಟನ್‌ನನ್ನೂ ಬಂಧಿಸಿದರು. ಅವನ ವಿಡಿಯೊದಲ್ಲಿ ಕಂಡ ಪಿಜ್ಜಾ ಡಬ್ಬಿಯಿಂದ ಸಿಕ್ಕಿಬಿದ್ದ ಅಂತ ಸುದ್ದಿ ಹಬ್ಬಿತು. ಅಲ್ಲಿನ ಅಧಿಕಾರಿಗಳು ಹಾಗೇನಿಲ್ಲ ಅಂದರು, ತನಿಖೆ ತಿಂಗಳುಗಳಿಂದ ನಡೆದಿತ್ತು. ಆದರೆ ಇವತ್ತಿಗೂ ಜನಕ್ಕೆ ನೆನಪಿರುವುದು ಪಿಜ್ಜಾ ಡಬ್ಬಿ. ದೂರಿನ ಹಿಂದಿದ್ದ ಹೆಂಗಸರು ಯಾರಿಗೂ ನೆನಪಿಲ್ಲ.

2023ರ ಜೂನ್‌ನಲ್ಲಿ ಮಾನವ ಕಳ್ಳಸಾಗಣೆ, ಅತ್ಯಾಚಾರ, ಅಪರಾಧ ಗುಂಪು ಕಟ್ಟಿದ್ದು ಅಂತ ದೋಷಾರೋಪ ಹೊರಿಸಿದರು. ಪ್ರೀತಿ, ಮದುವೆಯ ಆಸೆ ತೋರಿಸಿ ಹೆಂಗಸರನ್ನು ಕರೆತಂದು ದುಡಿಸಿಕೊಂಡರು ಅನ್ನುವುದು ಅಲ್ಲಿನ ಸರ್ಕಾರಿ ವಕೀಲರ ವಾದ. 2024ರ ಡಿಸೆಂಬರಿನಲ್ಲಿ ಬುಖಾರೆಸ್ಟ್‌ನ ಮೇಲ್ಮನವಿ ನ್ಯಾಯಾಲಯ ತಪ್ಪುಗಳಿವೆ ಅಂತ ಆ ಕಡತವನ್ನು ವಾಪಸ್ ಕಳಿಸಿತು. ಅದೇ ತಿಂಗಳು ಲಂಡನ್ನಿನ ಒಂದು ನ್ಯಾಯಾಲಯ, ತೆರಿಗೆ ಕಟ್ಟದ ವಿಷಯದಲ್ಲಿ, ಅಣ್ಣತಮ್ಮಂದಿರ 20 ಲಕ್ಷ ಪೌಂಡಿಗೂ ಹೆಚ್ಚು ಹಣವನ್ನು ಪೊಲೀಸರು ವಶಪಡಿಸಿಕೊಳ್ಳಬಹುದು ಅಂದಿತು. 2025ರ ಫೆಬ್ರವರಿಯಲ್ಲಿ, ರುಮೇನಿಯಾ ಬಿಟ್ಟು ಹೋಗದಂತೆ ಹಾಕಿದ್ದ ತಡೆ ಎತ್ತಿದ ಮೇಲೆ, ಇಬ್ಬರೂ ಫ್ಲಾರಿಡಾಕ್ಕೆ ಹಾರಿದರು. ಮೇ ತಿಂಗಳಲ್ಲಿ ಬ್ರಿಟನ್ನಿನ ಅಧಿಕಾರಿಗಳು ಇಬ್ಬರ ಮೇಲೂ ಸೇರಿ 21 ಆರೋಪಗಳಿಗೆ ಅನುಮತಿ ಕೊಟ್ಟಿದ್ದನ್ನು ಬಹಿರಂಗ ಮಾಡಿದರು.

ತಪ್ಪಿತಸ್ಥನೋ ಅಲ್ಲವೋ ಅನ್ನುವುದನ್ನು ನ್ಯಾಯಾಲಯ ಹೇಳಬೇಕು, ನಾನಲ್ಲ. ಆದರೆ ಮನೆಯಲ್ಲಿ ಹುಡುಗನ ಜೊತೆ ಮಾತಾಡುವುದು ನಮ್ಮ ಕೆಲಸ. ಫೋನ್ ಕಿತ್ತುಕೊಂಡರೆ ಅವನು ಗೆಳೆಯನ ಫೋನಿನಲ್ಲಿ ನೋಡುತ್ತಾನೆ. ನಕ್ಕು ಹೀಯಾಳಿಸಿದರೆ ನಿಮ್ಮ ಮುಂದೆ ಬಾಯಿ ಬಿಡುವುದಿಲ್ಲ. ಪಕ್ಕದಲ್ಲಿ ಕೂತು ಅದೇ ತುಣುಕನ್ನು ಅವನ ಜೊತೆ ನೋಡಿ. ಇದನ್ನು ಕತ್ತರಿಸಿ ಹಾಕಿದವರು ಯಾರಪ್ಪಾ, ಅವರಿಗೆ ಇದರಿಂದ ಎಷ್ಟು ಸಿಗುತ್ತದೆ ಅಂತ ಕೇಳಿ. ವ್ಯಾಯಾಮದ ಮಾತು ಒಪ್ಪುವಂಥದ್ದಾದರೆ ಒಪ್ಪಿ, ಬೆಳಿಗ್ಗೆ ಅವನ ಜೊತೆ ಓಡಲು ಹೋಗಿ. ಹೆಂಗಸರ ಬಗ್ಗೆ ಆ ಮಾತು ಬಂದಾಗ ಅಮ್ಮನೋ ಅಕ್ಕನೋ ಅಲ್ಲೇ ಇರಲಿ, ಅವರೂ ಉತ್ತರ ಹೇಳಲಿ.

ಇನ್ನೊಂದು ವಿಷಯ. ಬ್ರಿಟನ್ನಿನಲ್ಲಿ ನಾಲ್ವರು ಹೆಂಗಸರು ಅವನ ವಿರುದ್ಧ ಸಿವಿಲ್ ದಾವೆ ಹೂಡಿದ್ದಾರೆ. ಅವರಲ್ಲಿ ಮೂವರು ಎಷ್ಟೋ ವರ್ಷ ಮೊದಲೇ ಪೊಲೀಸರ ಬಳಿ ಹೋಗಿದ್ದರು, ಇಂಟರ್ನೆಟ್ಟಿನ ಹುಡುಗರಿಗೆ ಅವನ ಹೆಸರೇ ಗೊತ್ತಿಲ್ಲದಿದ್ದ ಕಾಲದಲ್ಲಿ. 2019ರಲ್ಲಿ ಮೊಕದ್ದಮೆ ಹೂಡುವುದಿಲ್ಲ ಅಂತ ಅವರಿಗೆ ಹೇಳಿ ಕಳಿಸಿದರು. ಆಮೇಲೆ ಜನರಿಂದ ಹಣ ಕೂಡಿಸಿ ಅವರು ತಾವೇ ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಅವರ ಮಾತಿನ ತುಣುಕು ಕತ್ತರಿಸಿ ಹಂಚಿದರೆ ಯಾರಿಗೂ ಕಮಿಷನ್ ಸಿಗುವುದಿಲ್ಲ, ಹಾಗಾಗಿ ನಿಮ್ಮ ಹುಡುಗನ ಫೋನಿಗೆ ಅದು ತಾನಾಗಿ ಬರುವುದಿಲ್ಲ. ಅವನಿಗೆ ಅದನ್ನು ನೀವೇ ಹೇಳಬೇಕು.

ನಮಸ್ಕಾರ.