ಆಟಿ ತಿಂಗಳ ಆ ಸೋಮವಾರ

ಕೇಳುಗರೆಲ್ಲರಿಗೂ ನಮಸ್ಕಾರ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ತೀರಿಕೊಂಡಾಗ ನಾನು ಕಾಸರಗೋಡಿನಲ್ಲಿ ಕನ್ನಡ ಎಂ.ಎ. ಓದುತ್ತಿದ್ದೆ. 2015ರ ಆಗಸ್ಟ್ 9, ಆದಿತ್ಯವಾರ. ಹೊರಗೆ ಆಟಿಯ, ಅಂದರೆ ತುಳುವರ ಮಳೆಗಾಲದ ತಿಂಗಳಿನ ಮಳೆ. ರಾತ್ರಿ ಊಟಕ್ಕೆ ಕೂತಾಗ ಗೆಳೆಯನ ಫೋನ್ ಬಂತು, ಕಯ್ಯಾರರು ಹೋದರಂತೆ ಅಂತ. ಜೂನ್ 8ಕ್ಕೆ ಅವರಿಗೆ ನೂರು ತುಂಬಿತ್ತು, ಎರಡೇ ತಿಂಗಳ ಹಿಂದೆ. ನನ್ನ ಅಜ್ಜಿ ಪೆರಡಾಲದ ಶಾಲೆಯಲ್ಲಿ ಅವರ ಶಿಷ್ಯೆ. "ಮಾಷ್ಟ್ರು ಹೋದರಾ?" ಅಂದರು. ಅರ್ಧ ಊಟದಲ್ಲೇ ಎದ್ದು ಕೈ ತೊಳೆದರು.

ಸೋಮವಾರ ಕಾಲೇಜಿಗೆ ಹೋದರೆ ಗ್ರಂಥಾಲಯದ ಬಾಗಿಲ ಬಳಿ ಒಂದು ಮೇಜು ಹಾಕಿದ್ದರು. ಅದರ ಮೇಲೆ ಅವರ ಪುಸ್ತಕಗಳು. ಇಟ್ಟವರು ಗ್ರಂಥಾಲಯದಲ್ಲಿ ಕೆಲಸ ಮಾಡುವ ಚೇಚಿ, ಅಂದರೆ ಅಕ್ಕ, ಮಲಯಾಳಿ. ಅವರಿಗೆ ಕನ್ನಡ ಓದಲು ಬಾರದು, ರಿಜಿಸ್ಟರ್‌ನ ನಂಬರ್ ನೋಡಿ ನೋಡಿ ಒಂದೊಂದನ್ನೇ ಕಪಾಟಿನಿಂದ ಹುಡುಕಿ ತೆಗೆದಿದ್ದರು. ಒಂದು ಪುಸ್ತಕ ತಲೆಕೆಳಗಾಗಿತ್ತು. ನಾವು ಯಾರೂ ಅದನ್ನು ಸರಿ ಮಾಡಲಿಲ್ಲ, ಅವರು ಅಷ್ಟು ಪ್ರೀತಿಯಿಂದ ಜೋಡಿಸಿದ್ದನ್ನು ಮುಟ್ಟಲು ಮನಸ್ಸಾಗಲಿಲ್ಲ.

ತರಗತಿಯಲ್ಲಿ ನಮ್ಮ ಸರ್ ಪಾಠ ಮಾಡಲಿಲ್ಲ. ಕಯ್ಯಾರರನ್ನು ನೀವು ಮೊದಲು ಕಂಡದ್ದು ಎಲ್ಲಿ, ಒಬ್ಬೊಬ್ಬರೇ ಹೇಳಿ ಅಂದರು. ಎಲ್ಲರ ಉತ್ತರವೂ ಹೆಚ್ಚುಕಡಿಮೆ ಒಂದೇ. ಮನೆಗೆ ಬೆಂಕಿ ಬಿದ್ದಿದೆ ಅಂತ ಕೂಗಿ ಕರೆಯುವ ಅವರ ಆ ಪದ್ಯ, ಶಾಲೆಯ ಸ್ಟೇಜ್, ನವೆಂಬರ್ 1. ನಮ್ಮ ಊರಿಗೆ ಆ ತಾರೀಕು ಸುಲಭದ್ದಲ್ಲ, ಅಲ್ವಾ? 1956ರಲ್ಲಿ ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಲಿ ಅಂತ 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗದ ವರದಿಯೂ ಹೇಳಿತು. ಕಯ್ಯಾರರು ಬಯಸಿದ್ದೂ ಅದನ್ನೇ, ಅದು ಆಗದೆಯೇ ಅವರು ಹೋದರು.

ಆಮೇಲೆ ಸರ್ ಇನ್ನೊಂದು ಮಾತು ಕೇಳಿದರು. ನಿಮ್ಮಲ್ಲಿ ಬದಿಯಡ್ಕಕ್ಕೆ ಹೋಗಿ ಅವರನ್ನು ನೋಡಿದವರು ಯಾರು? ಚೆರ್ಕಳದ ಮೇಲೆ ಬಸ್ಸು ಇತ್ತು. ದಿನಾ ಇತ್ತು. ಇಡೀ ತರಗತಿಯಲ್ಲಿ ಒಂದು ಕೈಯೂ ಮೇಲೇಳಲಿಲ್ಲ. ಪದ್ಯ ಬಾಯಿಪಾಠ ಇದೆ, ಕವಿ ಪಕ್ಕದ ಊರಲ್ಲೇ ಇದ್ದಾರೆ, ನಾಳೆ ಹೋಗೋಣ, ರಜೆಯಲ್ಲಿ ಹೋಗೋಣ ಅಂತ ಸುಮ್ನೆ ಉಳಿದುಬಿಟ್ಟೆವು.

ಸಂಜೆ ಆ ಮೇಜಿನಿಂದ ಅವರ ಆತ್ಮಕಥೆ 'ದುಡಿತವೇ ನನ್ನ ದೇವರು' ತೆಗೆದುಕೊಂಡೆ. ಚೇಚಿ ಸೀಲ್ ಒತ್ತಿದರು. ಬಸ್ಸಿನಲ್ಲಿ ಕಿಟಕಿಯಿಂದ ನೀರು ಸಿಡಿಯುತ್ತಿತ್ತು, ಪುಸ್ತಕವನ್ನು ಶಾಲಿನೊಳಗೆ ಸುತ್ತಿಕೊಂಡೆ. ಮನೆಯಲ್ಲಿ ಅಜ್ಜಿ ದೀಪ ಹಚ್ಚಿ ಕೂತಿದ್ದರು. ಕನ್ನಡಕ ಹಾಕಿಕೊಂಡು, "ಜೋರಾಗಿ ಓದು ಮಗಾ, ಮೊದಲ ಪುಟದಿಂದ" ಅಂದರು.